ಹತ್ತಿಬೀಜ: ಹಸುವಿಗೆ ಹಿತ, ಎಳೆಗರುವಿಗೆ ವಿಷ

ನಮ್ಮ ಸಿಂಧಘಟ್ಟದ ಕಡೆ ಹಸು ಕಟ್ಟಿದ ಮನೆಯವರಿಗೆ ಹತ್ತಿಬೀಜದ ಗುಣ ಹೇಳಬೇಕಾದ್ದಿಲ್ಲ. ನೆನೆಹಾಕಿ, ರುಬ್ಬಿ, ಕಲಗಚ್ಚಿಗೆ ಬೆರೆಸಿಟ್ಟರೆ ಹಾಲು ಗಟ್ಟಿ, ಬೆಣ್ಣೆಯೂ ಹೆಚ್ಚು. ತಾಯಿಗೆ ಒಳ್ಳೆಯದು ಮಗುವಿಗೂ ಒಳ್ಳೆಯದೇ ಅಂದುಕೊಂಡು ಎರಡು ತಿಂಗಳ ಹೆಣ್ಣುಗರುವಿಗೂ ದಿನಾ ಎರಡು ಹಿಡಿ ತಿನ್ನಿಸಿದೆ. ಕೆಲವು ವಾರಗಳಲ್ಲಿ ಕರು ಮಂಕಾಯಿತು, ಏದುಸಿರು ಬಿಡತೊಡಗಿತು. ಒಂದು ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಅದು ಏಳಲೇ ಇಲ್ಲ.

“ಏನು ತಿನ್ನಿಸ್ತಿದ್ರಿ ಅಮ್ಮಾ?” ಅಂತ ಕೇಳಿದ ಪಶುವೈದ್ಯರು, “ಹತ್ತಿಬೀಜದ ಗಾಸಿಪಾಲ್ ಇರಬಹುದು” ಅಂದರು. ಆ ಹೆಸರು ನಾನು ಕೇಳಿದ್ದು ಅಂದೇ. ರಸಾಯನಶಾಸ್ತ್ರ ಓದಿದ ನನ್ನ ತಂಗಿಯ ಮಗಳು ಆಮೇಲೆ ಬಿಡಿಸಿ ಹೇಳಿದಳು.

ಹತ್ತಿಬೀಜವನ್ನು ಅಡ್ಡಡ್ಡ ಕೊಯ್ದು ನೋಡಿ. ತಿರುಳಿನಲ್ಲಿ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಹುಳ ಹುಪ್ಪಟೆ ತಿನ್ನದಿರಲಿ ಅಂತ ಗಿಡ ತಾನೇ ಮಾಡಿಕೊಂಡ ಹಳದಿ ವಸ್ತು ಅದರೊಳಗಿದೆ. 1899ರಲ್ಲಿ ಮಾರ್ಕ್ಲೆವ್‌ಸ್ಕಿ ಎಂಬ ವಿಜ್ಞಾನಿ ಅದಕ್ಕೆ ಗಾಸಿಪಾಲ್ ಎಂದು ಹೆಸರಿಟ್ಟರು.

ಚುಕ್ಕೆ ಕಣ್ಣಿಗೆ ಕಂಡರೂ ಅಳತೆ ಕಣ್ಣಿಗೆ ಸಿಗದು. ಪ್ರಯೋಗಾಲಯದಲ್ಲಿ ಬೀಜದ ಪುಡಿಯನ್ನು ನೀರು ಬೆರೆತ ಅಸಿಟೋನ್‌ನಲ್ಲಿ ಕುಲುಕಿ ಸೋಸುತ್ತಾರೆ. ಉಗುರುಬಣ್ಣ ಅಳಿಸುವ ದ್ರವದಲ್ಲಿರುತ್ತಲ್ಲ, ಅದೇ ಅಸಿಟೋನ್. ಸೋಸಿದ ತಿಳಿಗೆ ಅನಿಲೀನ್ ಹಾಕಿ ಕುದಿನೀರಿನಲ್ಲಿಟ್ಟರೆ ಹಳದಿ ಬಣ್ಣ ಏರುತ್ತದೆ. ಕಾಫಿ ಡಿಕಾಕ್ಷನ್ ಗಟ್ಟಿಯಾದಷ್ಟೂ ಬೆಳಕು ತೂರುವುದು ಕಡಿಮೆ, ಅಲ್ಲವೇ? ಹಾಗೇ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರ, 440 ನ್ಯಾನೋಮೀಟರ್ ಬೆಳಕು ಎಷ್ಟು ತಡೆಯಿತು ಅಂತ ನೋಡಿ ಗಾಸಿಪಾಲ್ ಎಷ್ಟಿದೆ ಹೇಳುತ್ತದೆ. ಅನಿಲೀನ್ ವಿಷ; ಇದು ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲ.

ಹೀಗೆ ಅಳೆಯುವುದು ಬಿಡಿ ಗಾಸಿಪಾಲನ್ನು ಮಾತ್ರ. ಕೆಡುಕು ಮಾಡುವುದು ಮುಖ್ಯವಾಗಿ ಅದೇ. ಬೀಜವನ್ನು ಬೇಯಿಸಿದಾಗ ಒಂದಷ್ಟು ಗಾಸಿಪಾಲ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ವಿಷ ತಗ್ಗುತ್ತದೆ, ಪ್ರೋಟೀನಿನ ಸತ್ವವೂ ಸ್ವಲ್ಪ ತಗ್ಗುತ್ತದೆ. ದೊಡ್ಡ ಹಸುವಿನ ಮೆಲುಕು ಹೊಟ್ಟೆಯಲ್ಲೂ ಇದೇ ಕಟ್ಟುವ ಕೆಲಸ ನಡೆಯುತ್ತದೆ. ಎಳೆಗರುವಿಗೆ ಆ ಹೊಟ್ಟೆಯೇ ಇನ್ನೂ ಬೆಳೆದಿರುವುದಿಲ್ಲ. ಬಿಡಿ ಗಾಸಿಪಾಲ್ ರಕ್ತಕ್ಕಿಳಿದು, ದಿನದಿನವೂ ಕೂಡಿಕೊಂಡು ಗುಂಡಿಗೆಗೆ ಪೆಟ್ಟು ಕೊಡುತ್ತದೆ.

ಆದ್ದರಿಂದ ಅಕ್ಕತಂಗಿಯರೇ, ಎಳೆಗರುವಿನ ಬಾನಿಗೆ ಹತ್ತಿಬೀಜವಾಗಲಿ, ಅದರ ಹಿಂಡಿಯಾಗಲಿ ಬೇಡ. ದೊಡ್ಡ ಹಸುವಿಗೂ ಹಿತಮಿತವಾಗಿರಲಿ, ಪಶುವೈದ್ಯರನ್ನು ಕೇಳಿ ಕೊಡಿ. ಕೋಳಿಗೆ ಹಾಕಿದರೆ ಇಟ್ಟ ಮೊಟ್ಟೆಯ ಭಂಡಾರ ಹಸಿರಿಗೆ ತಿರುಗೀತು. ಅಡುಗೆಗೆ ಬಳಸುವ ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಗೆ ಹೆದರಬೇಕಿಲ್ಲ. ಶುದ್ಧಿ ಮಾಡುವಾಗಲೇ ಗಾಸಿಪಾಲ್ ಹೋಗಿರುತ್ತದೆ.

ಈಗ ನಮ್ಮ ಕೊಟ್ಟಿಗೆಯಲ್ಲಿ ಇನ್ನೊಂದು ಕರುವಿದೆ. ತಾಯಿಯ ಬಾನಿಗೆ ಅದರ ಮೂತಿ ಎಟುಕದಷ್ಟು ದೂರದಲ್ಲೇ ಕಟ್ಟುತ್ತೇನೆ.