ಐದನೆಯ ಭಾಗಕ್ಕೆ ಎಷ್ಟು ಅಂಕ?

ಕುಂದಾಪುರದಿಂದ ಉತ್ತರಕ್ಕೆ ಹೊರಟವರಿಗೆ ಹೆಮ್ಮಾಡಿಯಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ತಿರುಗಿದರೆ ವಂಡ್ಸೆ, ಕೊಲ್ಲೂರು, ಘಟ್ಟದ ಕಾಡು. ನೇರ ಹೋದರೆ ತ್ರಾಸಿ, ಮರವಂತೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕೆ. ಕಾರು ಓಡಿಸುವ ವಿಡಿಯೋ ಗೇಮ್ ತಯಾರಿಸುವವರು ಕೋಟಿಗಟ್ಟಲೆ ಹಣ ಸುರಿದು ಕಂಪ್ಯೂಟರಿನಲ್ಲಿ ಹುಟ್ಟಿಸುವುದು ಇಂಥ ದಾರಿಯನ್ನೇ. ಹೆಮ್ಮಾಡಿಯ ಹುಡುಗರಿಗೆ ಅದು ಬಸ್ಸಿನ ಕಿಟಕಿಯಲ್ಲೇ ಸಿಗುತ್ತದೆ. ಆದರೆ ಕಂಪ್ಯೂಟರ್ ಇರುವ ಮನೆಯಲ್ಲಿ ಪರೀಕ್ಷೆ ಮುಗಿದೊಡನೆ ಏಳುವ ಬೇಡಿಕೆ ಮೆಕ್ಸಿಕೋದ ರಸ್ತೆಗಳದ್ದು.

ಆ ರಸ್ತೆಗಳಿರುವುದು ‘ಫೋರ್ಜಾ ಹೊರೈಜನ್ 5’ ಎಂಬ ಆಟದಲ್ಲಿ. ಬ್ರಿಟನ್ನಿನ ಪ್ಲೇಗ್ರೌಂಡ್ ಗೇಮ್ಸ್ ತಯಾರಿಸಿ ಮೈಕ್ರೋಸಾಫ್ಟ್ 2021ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಇದನ್ನು ಮೊದಲ ವಾರದಲ್ಲೇ ಒಂದು ಕೋಟಿ ಜನ ಆಡಿದರು. ಈ ಸರಣಿ ಭಾಗಕ್ಕೊಂದು ನಾಡು ಸುತ್ತುತ್ತದೆ. 2012ರ ಮೊದಲ ಭಾಗದಲ್ಲಿ ಅಮೆರಿಕದ ಕೊಲರಾಡೊ, ಆಮೇಲೆ ಫ್ರಾನ್ಸ್ ಮತ್ತು ಇಟಲಿ, ಆಸ್ಟ್ರೇಲಿಯ, 2018ರಲ್ಲಿ ಬ್ರಿಟನ್, ಐದನೆಯದರಲ್ಲಿ ಮೆಕ್ಸಿಕೋ. ಆರನೆಯದಕ್ಕೆ ಜಪಾನ್ ಎಂದು 2025ರಲ್ಲಿ ಘೋಷಣೆಯಾಯಿತು. ಭಾರತಕ್ಕೆ ಸರದಿ ಇನ್ನೂ ಬಂದಿಲ್ಲ.

‘ಆರ್ಕೇಡ್’ ಶೈಲಿ ಎಂದರೆ ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ಯಂತ್ರಗಳ ಶೈಲಿ. ಗೇರು, ಟೈರು, ಬ್ರೇಕುಗಳ ಲೆಕ್ಕಾಚಾರಕ್ಕಿಂತ ವೇಗದ ಖುಷಿಗೆ ಇಲ್ಲಿ ಹೆಚ್ಚು ಬೆಲೆ. ಬೇಲಿ ಮುರಿದು ಗದ್ದೆಗೆ ಇಳಿದ ಕಾರು ಮತ್ತೆ ರಸ್ತೆಗೆ ಹತ್ತುತ್ತದೆ. ತಪ್ಪಾಯಿತೆ? ಗುಂಡಿಯೊಂದನ್ನು ಒತ್ತಿದರೆ ಕಾಲವೇ ಹಿಂದಕ್ಕೆ ಸರಿಯುತ್ತದೆ. ತಿರುವನ್ನು ಮತ್ತೆ ಹೊಸದಾಗಿ ತೆಗೆದುಕೊಳ್ಳಬಹುದು.

ಸರಣಿಯ ಮುಂದಿನ ಭಾಗವನ್ನು ತೂಗುವಾಗ ಹೆಚ್ಚಿನವರು ಕೇಳುವುದು ‘ಏನೇನು ಹೊಸದಿದೆ?’ ಎಂದು. ಆ ಲೆಕ್ಕದಲ್ಲಿ ಐದನೆಯ ಭಾಗ ನಿಸ್ಸಂಶಯವಾಗಿ ಪ್ರಥಮ ದರ್ಜೆ. ಭೂಪಟ ನಾಲ್ಕನೆಯದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಆರಂಭದಲ್ಲೇ 500ಕ್ಕೂ ಹೆಚ್ಚು ಕಾರುಗಳು. ಮರಳುಗಾಡು, ಮಳೆಕಾಡು, ಕಡಲತೀರ, ಜ್ವಾಲಾಮುಖಿ, ಗ್ವಾನಹ್ವಾಟೊ ನಗರದ ಬಣ್ಣಬಣ್ಣದ ಓಣಿಗಳು. ನಾಲ್ಕನೆಯ ಭಾಗದಲ್ಲಿ ಇಡೀ ನಕ್ಷೆಗೆ ಒಂದೇ ಋತು, ಅದೂ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಐದನೆಯದರಲ್ಲಿ ಒಂದೆಡೆ ಧೂಳಿನ ಬಿರುಗಾಳಿ ಏಳುತ್ತಿದ್ದರೆ ಇನ್ನೊಂದೆಡೆ ಮಳೆ ಹೊಯ್ಯುತ್ತಿರಬಹುದು. ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇನ್ನೊಂದು ಒಳ್ಳೆಯ ಕೆಲಸಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ. ಬೆರಳುಗಳ ಚುರುಕು ಕಡಿಮೆಯಿರುವವರು ಆಟದ ವೇಗವನ್ನೇ ತಗ್ಗಿಸಿಕೊಂಡು ಆಡುವ ಸೌಲಭ್ಯ ಇದರಲ್ಲಿದೆ. 2022ರಲ್ಲಿ ಕಥಾದೃಶ್ಯಗಳಿಗೆ ಸಂಜ್ಞಾಭಾಷೆಯೂ ಸೇರಿತು.

ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ: ಆಟ ನಿಮ್ಮಿಂದ ಏನು ಕೇಳುತ್ತದೆ? ಐದನೆಯ ಭಾಗ ಎಡವುವುದು ಇಲ್ಲೇ. ಮೊದಲ ನಿಮಿಷದಲ್ಲೇ ವಿಮಾನದಿಂದ ಕಾರುಗಳು ಒಂದೊಂದಾಗಿ ಜ್ವಾಲಾಮುಖಿಯ ಮೇಲೆ, ಮರಳಿನಲ್ಲಿ, ಕಾಡಿನಲ್ಲಿ ಇಳಿಯುತ್ತವೆ. ಆಟಗಾರ ಆಗಲೇ ಸೂಪರ್‌ಸ್ಟಾರ್. ಸುತ್ತಲಿನ ಪಾತ್ರಗಳೆಲ್ಲ ಅವನನ್ನು ಹೊಗಳುತ್ತಲೇ ಇರುತ್ತವೆ. ಮೊದಲ ಭಾಗದಲ್ಲಿ ಆಟಗಾರ ಯಾರಿಗೂ ಬೇಡದ ಹೊಸಬ. ಬಣ್ಣದ ಕೈಪಟ್ಟಿ ಒಂದೊಂದನ್ನೇ ಗೆದ್ದು ಮೇಲೇರಬೇಕಿತ್ತು. ಇಲ್ಲಿ ‘ವೀಲ್‌ಸ್ಪಿನ್’ ಎಂಬ ಚಕ್ರವಿದೆ, ಜಾತ್ರೆಯ ಅಂಗಡಿಯಲ್ಲಿ ತಿರುಗಿಸುವಂಥದೇ. ಒಮ್ಮೆ ತಿರುಗಿಸಿದರೆ ಕಾರು, ಇನ್ನೊಮ್ಮೆ ಹಣ, ಮತ್ತೊಮ್ಮೆ ಟೋಪಿಯೋ ಹಾರನ್ನೋ. ಓಟದಲ್ಲಿ ಹಿಂದೆ ಬಿದ್ದರೂ ಬರಿಗೈಯಲ್ಲಿ ಹೋಗಬೇಕಿಲ್ಲ. ಕೆಲವು ಗಂಟೆಗಳಲ್ಲೇ ಗ್ಯಾರೇಜು ತುಂಬುತ್ತದೆ. ಯಾವ ಕಾರು ಯಾವಾಗ ಬಂತೆಂಬುದೂ ನೆನಪಿರುವುದಿಲ್ಲ.

ಆ ಮರೆವು ಕರ್ನಾಟಕದ ಓದುಗರನ್ನು ಸ್ವಲ್ಪ ಚುಚ್ಚಬೇಕು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಧ್ರುವ ಇಂಟರ‍್ಯಾಕ್ಟಿವ್’ ದೇಶದ ಮೊದಮೊದಲ ಗೇಮ್ ಸಂಸ್ಥೆಗಳಲ್ಲೊಂದು. ಫೋರ್ಜಾ ಸರಣಿಗೂ ಅಲ್ಲಿನ ಕಲಾವಿದರು ಕೆಲಸ ಮಾಡಿಕೊಟ್ಟಿದ್ದಾರೆ. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಇಂಥ ಆಟಕ್ಕೆ ಒಂದು ಕಾರು ರೂಪುಗೊಳ್ಳಬೇಕಾದರೆ ಹೊರಮೈಯ ಬಾಗು, ದೀಪದ ಗಾಜು, ಮೀಟರಿನ ಮುಳ್ಳು, ಸೀಟಿನ ಹೊಲಿಗೆ ಎಲ್ಲವನ್ನೂ ಫೋಟೋ, ಅಳತೆ ನೋಡಿ ನೋಡಿ ಕೂಡಿಸಬೇಕು. ದಿನಗಟ್ಟಲೆ ಕಣ್ಣು ಕೀಲಿಸಿ ಯಾರೋ ಮಾಡಿದ ಕೆಲಸ ಚಕ್ರದ ಒಂದು ಸುತ್ತಿಗೆ ಬಂದು ಬೀಳುತ್ತದೆ, ಬಾಗಿಲು ತೆರೆದು ನೋಡುವವರೂ ಇಲ್ಲ. ಗೇಮ್ ತಯಾರಿಕೆಯನ್ನೇ ಕಸುಬಾಗಿಸಿಕೊಳ್ಳಬೇಕೆಂದಿರುವ ವಿದ್ಯಾರ್ಥಿ ಆ ಬಾಗಿಲನ್ನು ತೆರೆದು ಅರ್ಧ ಗಂಟೆ ನೋಡಿದರೆ ಹತ್ತು ಓಟಗಳಿಗಿಂತ ಹೆಚ್ಚು ಕಲಿತಾನು.

ಹೆತ್ತವರ ಕಿಸೆಯ ಮಾತಿಗೆ ಬಂದರೆ, ಬೆಲೆ ಸಾವಿರಗಳಲ್ಲಿದೆ. ಕಂಪ್ಯೂಟರಿನಲ್ಲಿ ಆಟ ಹಿಡಿಯುವ ಜಾಗ ನೂರು ಗಿಗಾಬೈಟಿಗಿಂತ ಹೆಚ್ಚು. ಕಾರು ಕಂಪೆನಿಗಳಿಂದ ಪಡೆದ ಪರವಾನಗಿಗೆ ಅವಧಿಯಿರುವುದರಿಂದ ಈ ಆಟಗಳು ಅಂಗಡಿಯಿಂದ ಮಾಯವಾಗುವುದೂ ಉಂಟು. ಮೂರನೆಯ ಭಾಗದ ಮಾರಾಟ 2020ರಲ್ಲಿ ನಿಂತಿತು, ನಾಲ್ಕನೆಯದು 2024ರ ಡಿಸೆಂಬರ್‌ನಲ್ಲಿ. ಕೊಂಡವರು ಆಡಬಹುದು, ಹೊಸಬರು ಕೊಳ್ಳುವಂತಿಲ್ಲ. ನಾಲ್ಕನೆಯದು ಈಗಾಗಲೇ ಮನೆಯಲ್ಲಿದ್ದರೆ ಐದನೆಯದಕ್ಕಾಗಿ ಆತುರಪಡಬೇಕಿಲ್ಲ. ಮೊದಲ ಸಲ ಆಡುವವರಿಗೆ ಮಾತ್ರ ಐದು ಧಾರಾಳ ಸಾಕು.

ಕಲಿಕೆಯ ಮಾತು ಹಾಗಿರಲಿ, ಇದರಿಂದ ಡ್ರೈವಿಂಗ್ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಹೆಮ್ಮಾಡಿಯ ಹೆದ್ದಾರಿಯಲ್ಲಿ ಹಿಂದಕ್ಕೆ ಸರಿಸುವ ಗುಂಡಿ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆಟಕ್ಕೆ ಹೋಗಿರುವ ಹಸಿವನ್ನು ಮರಳಿ ತರುವ ಉಪಾಯ ಆಟದೊಳಗೇ ಇದೆ, ಸೆಟ್ಟಿಂಗ್ಸ್ ಪುಟದಲ್ಲಿ. ಹಿಂದಕ್ಕೆ ಸರಿಸುವ ಸೌಲಭ್ಯ ತೆಗೆಯಿರಿ, ರಸ್ತೆಯ ಮೇಲೆ ದಾರಿ ತೋರಿಸುವ ಗೆರೆ ತೆಗೆಯಿರಿ, ಪೆಟ್ಟು ಬಿದ್ದರೆ ಕಾರು ನಿಜಕ್ಕೂ ಕೆಡುವಂತೆ ಆಯ್ದುಕೊಳ್ಳಿ. ಚಕ್ರ ತಿರುಗಿಸದೆ ಒಂದೇ ಕಾರಿನಲ್ಲಿ ಒಂದು ವಾರ ಆಡಿ. ನೂರಕ್ಕೆ ಅರುವತ್ತೈದು ಅಂಕದ ಆಟ ಆಗ ಎಂಬತ್ತಕ್ಕೆ ಏರುತ್ತದೆ.