ಉಂಗುರ ಬೆರಳಲ್ಲಿ ಸಿಕ್ಕಿಕೊಂಡರೆ?

ಜಾತ್ರೆಯಲ್ಲಿ ಕೊಂಡ ಉಂಗುರ ಬೆರಳಿಗೆ ಹೋಯಿತು, ಈಗ ಹೊರಗೆ ಬರುತ್ತಿಲ್ಲ! ಎಳೆದಷ್ಟೂ ಬಿಗಿಯಾಗುತ್ತಿದೆ. ಏಕೆ ಗೊತ್ತೇ ಮಕ್ಕಳೇ?

ಹೃದಯದಿಂದ ಬೆರಳಿಗೆ ರಕ್ತ ತರುವ ಅಪಧಮನಿಗಳಲ್ಲಿ ಒತ್ತಡ ಹೆಚ್ಚು. ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳ ಗೋಡೆ ತೆಳು, ಒತ್ತಡವೂ ಕಡಿಮೆ. ಉಂಗುರ ಬಿಗಿದಾಗ ಮೊದಲು ಮುಚ್ಚಿಕೊಳ್ಳುವುದು ಇವೇ. ಬಂದ ರಕ್ತ ಹಿಂದಿರುಗಲಾರದೆ ಬೆರಳು ಊದಿಕೊಳ್ಳುತ್ತದೆ. ಜಗ್ಗಾಡಿದರೆ ಊತ ಇನ್ನೂ ಹೆಚ್ಚುತ್ತದೆ.

ಆದ್ದರಿಂದ ಎಳೆಯಬೇಡಿ. ಹಿರಿಯರಿಗೆ ತಿಳಿಸಿ. ಕೈಯನ್ನು ತಲೆಗಿಂತ ಮೇಲೆ ಐದು ನಿಮಿಷ ಎತ್ತಿ ಹಿಡಿಯಿರಿ. ರಕ್ತ ಕೆಳಗಿಳಿದು ಊತ ಕಡಿಮೆಯಾಗುತ್ತದೆ. ಬೆರಳನ್ನು ತಣ್ಣೀರಿನಲ್ಲಿ ಅದ್ದಿ. ಸಾಬೂನು ಇಲ್ಲವೇ ಕೊಬ್ಬರಿ ಎಣ್ಣೆ ಸವರಿ, ಉಂಗುರವನ್ನು ತಿರುಗಿಸುತ್ತಾ ಮೆಲ್ಲಗೆ ಸರಿಸಿ.

ಬರಲಿಲ್ಲವೇ? ಹಿರಿಯರು ದಾರದ ಉಪಾಯ ಮಾಡಬಹುದು. ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಬೇಕು. ಉಳಿದ ದಾರವನ್ನು ಉಂಗುರದ ಅಂಚಿನಿಂದ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಸುತ್ತಬೇಕು. ತೂರಿಸಿದ ತುದಿಯನ್ನು ಬೆರಳ ತುದಿಯತ್ತ ಬಿಚ್ಚುತ್ತಾ ಹೋದಂತೆ ಉಂಗುರವೂ ಮುಂದೆ ಸರಿಯುತ್ತದೆ.

ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಅಥವಾ ಗಾಯವಾಗಿದ್ದರೆ ಇದಾವುದನ್ನೂ ಮಾಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಉಂಗುರವನ್ನು ಕತ್ತರಿಸಿ ತೆಗೆಯುತ್ತಾರೆ. ಉಂಗುರ ಹೋದರೆ ಇನ್ನೊಂದು ತರಬಹುದು, ಬೆರಳನ್ನಲ್ಲ!