ಚಿನ್ನ ಮುಗಿಯಿತು, ರೈಲು ಉಳಿಯಿತು

ಹೈನುಗಾರ ಸಹೋದರಿಯರೇ,

ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನೀವೂ ಕೂತಿರಬಹುದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿದರೆ ದಾರಿಯೇ ಮುಗಿಯಿತು. ಒಟ್ಟು ಸುಮಾರು 16 ಕಿ.ಮೀ. ಅಷ್ಟೆ.

ಈ ಕವಲು ಮಾರ್ಗ ಶುರುವಾದದ್ದು 1894ರಲ್ಲಿ, ಕೆ.ಜಿ.ಎಫ್. ಚಿನ್ನದ ಗಣಿಗಳಿಗಾಗಿ. ಯಂತ್ರಗಳು, ಕಲ್ಲಿದ್ದಲು ಬಂದದ್ದು ಇದರ ಮೇಲೆಯೇ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಅಗೆಯುತ್ತಾ ಅಗೆಯುತ್ತಾ ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿಯಿತು. ಕೊನೆಗೆ 2001ರ ಫೆಬ್ರವರಿ 28ರಂದು ಮುಚ್ಚಿತು.

ರೈಲು ಮಾತ್ರ ನಿಲ್ಲಲಿಲ್ಲ. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಚಿನ್ನವನ್ನೇ ನಂಬಿದ್ದ ಊರು ಸೊರಗಿತು; ದಿನವೂ ಜನರಿಗೆ ಬೇಕಾದ ರೈಲು ಉಳಿಯಿತು.

ನಮ್ಮ ಕಸುಬಿಗೂ ಇದರಲ್ಲಿ ಪಾಠವಿದೆ. ಗಣಿ ಕರು ಹಾಕುವುದಿಲ್ಲ, ಹಸು ಹಾಕುತ್ತದೆ. ಇವತ್ತಿನ ಹಾಲಿನ ದುಡ್ಡನ್ನಷ್ಟೇ ನೋಡಬೇಡಿ. ಹೆಣ್ಣು ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ, ಮುತುವರ್ಜಿಯಿಂದ ಸಾಕಿ. ನಾಳೆ ನಿಮ್ಮ ಕ್ಯಾನು ತುಂಬಿಸುವುದು ಅದೇ.